ಲಿಫ್ಟಿನವನ ಏಕವಚನ

"ಮೇಡಂ, ಇದು ಯಾವ ಫ್ಲೋರು?"

ಹೊಲಿಗೆ ಯಂತ್ರದ ಮೇಲಿದ್ದ ಅವಳ ಕಾಲು ನಿಂತಿತು. ಲಿಫ್ಟಿನ ಬಾಗಿಲಲ್ಲಿ ಅವನೇ ನಿಂತಿದ್ದ. ಅದೇ ನೀಲಿ ಸಮವಸ್ತ್ರ, ಕೈಯಲ್ಲಿ ಸ್ಪ್ಯಾನರು, ಕೆನ್ನೆಗೆ ಮೆತ್ತಿದ ಗ್ರೀಸು. ಮೇಡಂ ಎಂಬುದೊಂದೇ ಹೊಸದು.

"ಗ್ರೌಂಡ್ ಫ್ಲೋರು" ಎಂದಳು.

ಇಸ್ತ್ರಿ ಮೇಜಿನ ಹಿಂದಿನಿಂದ ಅತ್ತಿಗೆ ಕತ್ತು ಚಾಚಿದಳು. "ಬಂದ್ರಾ ಮೇಲಿನೋರು? ಈ ಸಲ ಬಹಳ ದಿನ ಮಾಡಿದ್ರಪ್ಪ. ನಮ್ಮ ಹುಡುಗಿ ಲಿಫ್ಟ್ ಕಡೆ ತಿರುಗಿ ತಿರುಗಿ ಕತ್ತು ಉಳುಕಿಸ್ಕೊಂಡಿದ್ದಾಳೆ."

"ಸುಮ್ನಿರಿ ಅತ್ತಿಗೆ."

ಅವನು ಇಬ್ಬರನ್ನೂ ನೋಡಿದ. "ನಿಮಗೆ ನಾನು ಗೊತ್ತಾ?"

ಅವಳಿಗೆ ಅರ್ಥವಾಯಿತು. ಇದು ಅವನ ಮೊದಲನೆಯ ಸಲ. ಅಂದರೆ ತನಗೆ ಕೊನೆಯದು.

ಮುಂದೆಂದೋ ಬರಲಿರುವ ವರ್ಷಗಳಲ್ಲಿ ಅವನು ಇದೇ ಕಟ್ಟಡದ ಲಿಫ್ಟ್ ರಿಪೇರಿ ಮಾಡುವವನು. ಒಮ್ಮೊಮ್ಮೆ ಲಿಫ್ಟು ಮಹಡಿಗಳ ಜೊತೆಗೆ ವರ್ಷಗಳನ್ನೂ ಇಳಿದು ಅವಳ ಅಂಗಡಿಯೆದುರು ಬಾಗಿಲು ತೆರೆಯುತ್ತಿತ್ತು. ಪ್ರತಿ ಸಲವೂ ಹಿಂದಿನದಕ್ಕಿಂತ ಇನ್ನಷ್ಟು ಕೆಳಗೆ, ಇನ್ನಷ್ಟು ಹಳೆಯ ದಿನಕ್ಕೆ. ಹಾಗಾಗಿ ಅವನು ಕೊನೆಯ ಸಲ ಇಳಿದು ಬಂದ ದಿನವೇ ಅವಳು ಅವನನ್ನು ಮೊದಲ ಸಲ ನೋಡಿದ್ದು. ಅಂದು ಅವನು ಸೀದಾ ಒಳಗೆ ಬಂದು, ಸ್ಟೂಲು ಎಳೆದುಕೊಂಡು ಕೂತು, "ಏನೇ, ಊಟ ಆಯ್ತಾ?" ಎಂದಿದ್ದ. ಅವಳು ಕತ್ತರಿ ಎತ್ತಿಕೊಂಡಿದ್ದಳು. "ಯಾರ್ರೀ ನೀವು? ಏನೇ ಅಂತೀರಲ್ಲ, ನಾನೇನು ನಿಮ್ಮ ಹೆಂಡ್ತಿನಾ?" ಅವನು ಜೋರಾಗಿ ನಕ್ಕಿದ್ದ. ಆಮೇಲೆ ಆ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡಿದ್ದ.

ಅವಳ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬರುವ ಹೊತ್ತಿಗೆ ಅವನ ಬಾಯಲ್ಲಿ ‘ನೀನು’ ಹೋಗಿ ‘ನೀವು’ ಬಂದಿತ್ತು. ನಡುವೆ ಒಂದೇ ಒಂದು ಮಧ್ಯಾಹ್ನ ಇಬ್ಬರೂ ಒಬ್ಬರನ್ನೊಬ್ಬರು ನೀನು ಅಂದಿದ್ದರು. ಅವನ ಅಂಗಿಗೆ ಗುಂಡಿ ಹೊಲಿದು, ದಾರ ಕಡಿಯಲು ಅವಳು ಅವನ ಎದೆಯ ಹತ್ತಿರ ಬಗ್ಗಿದ್ದಳು. ಪಕ್ಕದಲ್ಲೇ ಕತ್ತರಿ ಇತ್ತು. "ಮೇಲೆ, ನಿನ್ನ ಕಾಲದಲ್ಲಿ, ನಾನಿದ್ದೀನೇನೋ?" ಎಂದು ಕೇಳಿದ್ದಕ್ಕೆ ಅವನು "ಟೀ ತರ್ಲಾ?" ಎಂದಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಈಗ ಇವನು ಹೆದರಿ ಓಡಿದರೆ, ಮತ್ತೆ ಇಳಿಯದಿದ್ದರೆ, ಆ ಮಧ್ಯಾಹ್ನ ಯಾರ ಪಾಲಿಗೂ ಬರುವುದಿಲ್ಲ.

"ಅತ್ತಿಗೆ ಎಲ್ಲರನ್ನೂ ಹಾಗೇ ರೇಗಿಸ್ತಾರೆ. ನೀವು ಕೂತ್ಕೊಳ್ಳಿ. ನೀರು ಕುಡೀತೀರಾ?" ಎಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಾತಾಡಿದ ಹಾಗಿತ್ತು.

"ಬೇಡ ಮೇಡಂ." ಅವನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತಿತ್ತು. "ಇದು ಹಳೇದಾ?"

"ಹಳೇದ್ಯಾಕೆ?" ಎಂದಳು ಅತ್ತಿಗೆ. "ಮೊನ್ನೆ ತಾನೇ ದಿನಸಿ ಅಂಗಡಿಯೋನ ಹತ್ರ ಜಗಳ ಆಡಿ ಇಸ್ಕೊಂಡು ಬಂದಿದ್ದೀನಿ."

ಅವನ ಮುಖ ಬಿಳಿಚಿಕೊಂಡಿತು. ಹಿಂದೆ ಹಿಂದಕ್ಕೆ ಹೆಜ್ಜೆಯಿಟ್ಟು ಲಿಫ್ಟಿನೊಳಗೆ ಹೋಗಿ ನಿಂತ. "ಒಂದು ಸಲ ಮೇಲೆ ಹೋಗಿಬಿಟ್ರೆ ಸಾಕು. ನಾನಂತೂ ಇನ್ನು ಈ ಲಿಫ್ಟ್ ಮುಟ್ಟಲ್ಲ. ಬೇರೆ ಯಾರನ್ನಾದ್ರೂ ಹಾಕಿ ಅಂತ ಆಫೀಸಲ್ಲಿ ಹೇಳ್ತೀನಿ."

"ನೋಡೋಕೆ ಚೆನ್ನಾಗಿರೋರನ್ನ ಹಾಕ್ಸಿ" ಎಂದ ಅತ್ತಿಗೆ, ನಾದಿನಿಯ ಮುಖ ನೋಡಿ, ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು.

ಅವಳು ಎದ್ದಳು. ಮಡಿಲಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು: ಹಾಗೆ ಮಾಡ್ಬೇಡಿ, ದಯವಿಟ್ಟು ನೀವೇ ಬನ್ನಿ, ಈ ಲಿಫ್ಟು ನಿಮ್ಮ ಕೈಗೇ ಬಗ್ಗೋದು. ಬಾಯಿಂದ ಬಂದದ್ದು ಬೇರೆ.

"ಬೇರೆಯೋರು ಯಾಕೋ? ನೀನೇ ಬಾ."

ಅವನ ಕಿವಿ ಕೆಂಪಾಯಿತು. "ಏನಂದ್ರಿ?"

ಮಾತು ಹೊರಳಿಸಿಬಿಡಬಹುದಿತ್ತು. ಬೇರೆ ಯಾರಿಗೋ ಅಂದೆ ಎನ್ನಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ನೀನೇ ಬಾ ಅಂದೆ."

"ಮೇಡಂ, ನಮ್ಮಮ್ಮ ಹೋದ್ಮೇಲೆ ನನ್ನ ಯಾರೂ ಹೀಗೆ ಕರ್ದಿಲ್ಲ" ಎಂದ ಅವನು. ಸಿಟ್ಟಿನಲ್ಲೇ ಶುರುವಾದ ಮಾತು, ಮುಗಿಯುವಾಗ ಸಿಟ್ಟಾಗಿ ಉಳಿದಿರಲಿಲ್ಲ. "ನೀವು ಯಾರು?"

"ಬಟ್ಟೆ ಹೊಲೀತೀನಿ" ಎಂದಳು.

ಅವನು ಬಟನ್ ಒತ್ತಿದ. ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಬಾಗಿಲು ಎರಡೂ ಕಡೆಯಿಂದ ಜಾರಿ ಬಂತು, ಅಷ್ಟರಲ್ಲಿ ಹೊಸ್ತಿಲಿಗೆ ಬಂದಿದ್ದ ಅವನ ಬೂಟಿಗೆ ತಾಗಿತು, ತಡೆದು ನಿಂತು ಮತ್ತೆ ತೆರೆದುಕೊಂಡಿತು.