ಬೆಳಕು ಕಾಲಿಗೆ ಮಾತ್ರ

ಸಿನಿಮಾ ಟಾಕೀಸಿನಲ್ಲಿ ಜನರಿಗೆ ಸೀಟು ತೋರಿಸುವವನಿಗೇ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ ಎಂದರೆ ನಿಮಗೆ ನಗು ಬಂದೀತು. ಟಾರ್ಚಣ್ಣನಿಗೆ ಬರಲಿಲ್ಲ. ಆರು ತಿಂಗಳಿಂದ ತುಟಿಪಿಟಕ್ಕೆನ್ನದೆ, ಹೆಜ್ಜೆ ಎಣಿಸಿಕೊಂಡೇ ಕೆಲಸ ಸಾಗಿಸುತ್ತಿದ್ದ. ಬಾಗಿಲಿನಿಂದ ಹನ್ನೊಂದು ಹೆಜ್ಜೆಗೆ ಮೊದಲ ಮೆಟ್ಟಿಲು, ಮೆಟ್ಟಿಲಿಗೊಂದು ಸಾಲು. ಗೊತ್ತಾದರೆ ಕೆಲಸಕ್ಕೇ ಕುತ್ತು.

ಕದ್ದುಮುಚ್ಚಿ ಡಾಕ್ಟರಮ್ಮನ ಹತ್ತಿರ ಹೋಗಿದ್ದ.

"ದಿನಾ ಏನು ತಿಂತೀರಾ?"

"ಚಹಾ, ರಸ್ಕು."

"ಎಷ್ಟು ದಿನದಿಂದ?"

"ಮಗಳು ಮನೆ ಬಿಟ್ಟು ಮೂರು ವರ್ಷ ಆಯ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಇರುಳುಗಣ್ಣು. ಮೈಯಲ್ಲಿ ಎ ವಿಟಮಿನ್ನೇ ಇಲ್ಲ. ಮಾತ್ರೆ ಬರೆದಿದ್ದೀನಿ. ಸೊಪ್ಪು, ಕ್ಯಾರೆಟ್ಟು, ಮೊಟ್ಟೆ ತಿನ್ನಿ. ಹೀಗೇ ಬಿಟ್ರೆ ಹಗಲಿನ ಕಣ್ಣೂ ಹೋಗುತ್ತೆ."

ಒಬ್ಬನಿಗಾಗಿ ಯಾರು ಒಲೆ ಹಚ್ಚುತ್ತಾರೆ? ಚೀಟಿ ಜೇಬಿನಲ್ಲೇ ಮುದುಡಿತು. ಅಯ್ಯೋ ಪುಣ್ಯಾತ್ಮ!

ಮಗಳು ಹೋದದ್ದೂ ಇವನ ನಾಲಗೆಯಿಂದಲೇ. ಹೇಳದೆ ಕೇಳದೆ ಮದುವೆಯಾದಳೆಂದು "ಸತ್ರೂ ನಿನ್ನ ಮುಖ ನೋಡಲ್ಲ" ಎಂದಿದ್ದ. ಮಾರನೆಯ ದಿನವೇ ಕರುಳು ಚುರ್ ಎಂದಿತ್ತು. ಆದರೆ ಮೊದಲು ಅವಳೇ ಬರಲಿ ಎಂಬ ಹಟ. ಒಂದು ಸಲ ಬಂದರೆ ಸಾಕಿತ್ತು ಅವನಿಗೆ.

ಟಾರ್ಚು ಹಿಡಿಯುವವರಿಗೆ ಒಂದು ಕಟ್ಟಳೆಯಿದೆ: ಬೆಳಕು ಕಾಲಿಗೆ ಬಿಡಬೇಕು, ಮುಖಕ್ಕೆ ಬಿಡಕೂಡದು. ಒಂದು ಮ್ಯಾಟಿನಿ, ಆಟ ಶುರುವಾದ ಮೇಲೆ ಒಬ್ಬಾಕೆ ಬಂದು ಟಿಕೆಟ್ ಚಾಚಿ ಸುಮ್ಮನೆ ನಿಂತಳು. ಬೆಳಕಿಗೆ ಕಂಡದ್ದು ಒಂದು ಜೊತೆ ಹೊಸ ಚಪ್ಪಲಿ. "ಬನ್ನಿ ಮೇಡಂ" ಎಂದು ಏಳನೇ ಸಾಲಿನಲ್ಲಿ ಕೂರಿಸಿ ಬಂದ.

ಇಂಟರ್ವಲ್ಲಿನಲ್ಲಿ ಟಿಕೆಟ್ ಕೊಡುವ ಅಕ್ಕ ಮೈಮೇಲೆ ಬಿದ್ದಳು. "ಏನಣ್ಣ, ನಿಮ್ಮ ಎದೇಲಿರೋದು ಕಲ್ಲಾ? ಹೆತ್ತ ಮಗಳು ಎದುರಿಗೆ ನಿಂತ್ರೆ ಮೇಡಂ ಅಂತೀರಾ? ಅಳ್ತಾ ಎದ್ದು ಹೋದ್ಲು. ತಡೆದು ನಂಬರು ಇಸ್ಕೊಂಡಿದ್ದೀನಿ, ತಗೊಳ್ಳಿ."

ಅವನು ಫೋನ್ ತೆಗೆದ. ಮೂರು ಸಲ ತಪ್ಪು ಒತ್ತಿ, ನಾಲ್ಕನೆಯದಕ್ಕೆ ಸರಿಯಾಗಿ ಒತ್ತಿದ.

"ಪುಟ್ಟಿ, ನಂಗೆ ಕತ್ತಲಲ್ಲಿ ಕಣ್ಣು ಕಾಣಲ್ಲ ಕಣೇ. ನಿಜವಾಗ್ಲೂ."

"ಹೌದಾ ಅಪ್ಪ? ಏಳನೇ ಸಾಲು ಮಾತ್ರ ಸರಿಯಾಗಿ ಕಾಣಿಸ್ತಾ?"

ಫೋನ್ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಮರುದಿನ ಮಾತ್ರೆ ತಂದ, ಒಲೆ ಹಚ್ಚಿದ, ಸೊಪ್ಪು ಬೇಯಿಸಿ ಒಬ್ಬನೇ ಕೂತು ತಿಂದ. ಎರಡು ತಿಂಗಳಲ್ಲಿ ಕಣ್ಣು ಮರಳಿತು. ಈಗ ಟಾರ್ಚು ಆರಿಸಿದರೂ ಮುಖಗಳು ಕಾಣುತ್ತವೆ. ತಡವಾಗಿ ಬರುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತಾನೆ. ಅವಳಲ್ಲ. ಬೆಳಕನ್ನು ಕಾಲಿಗೆ ಬಿಟ್ಟು "ಬನ್ನಿ ಮೇಡಂ" ಎನ್ನುತ್ತಾನೆ.