ಉಂಡು ಹೊರಟವಳು

ರುಮಾಲು ಮತ್ತೊಮ್ಮೆ ಜಾರಿ ಶಿವಪುತ್ರಪ್ಪನ ಮೂಗಿನ ಮೇಲೆ ಕುಳಿತಾಗ ಕಲ್ಲವ್ವ ಮಗ ಬಸವಪ್ರಭುವಿನ ಕೈ ಸರಿಸಿ ತಾನೇ ಮುಂದೆ ಬಂದಳು. ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ, ನಿನ್ನೆ ಮಧ್ಯಾಹ್ನ ಊಟ ಮಾಡಿ ಮರಾಠಿ ಸೀಮೆಗೆ ಬಂದು ನೆಲೆಸಿದ ಇದೇ ಭೋಸರಿಯ ಮನೆಯ ಕಟ್ಟೆಯ ಮೇಲೆ ತೂಕಡಿಸುತ್ತ ಕುಳಿತವನು ಹಾಗೆಯೇ ಹೊರಟುಹೋಗಿದ್ದ. ಎಂಬತ್ತು ದಾಟಿದ ಜೀವ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ.

"ಬಿಡ್ರಿ ವೈನಿ," ಎಂದ ಮಲಕಪ್ಪ. ಶಿವಪುತ್ರಪ್ಪನ ಜೊತೆಗೇ ಸೈನ್ಯ ಸೇರಿ ಜೊತೆಗೇ ನಿವೃತ್ತನಾದ ಗೆಳೆಯ. "ಜೀವ ಇದ್ದಾಗರೆ ಇವನ ಟೋಪಿ ಎಲ್ಲಿ ನೆಟ್ಟಗ ಕೂಡ್ತಿತ್ತು? ಅದರ ಸಲುವಾಗಿ ಎಷ್ಟು ಸಲ ಮೈದಾನ ಸುತ್ತಿದಾನೊ."

ಅಳುತ್ತಿದ್ದ ಓಣಿಯ ಹೆಂಗಸರು ನಕ್ಕುಬಿಟ್ಟರು. ಗಂಟು ಬಿಗಿಯುತ್ತ ಕಲ್ಲವ್ವನೂ ನಕ್ಕಳು. ಆದರೆ ಒಳಕೋಣೆಯ ಕಡೆ ಕಣ್ಣು ಹೋದಾಗ ನಗು ಅರ್ಧಕ್ಕೇ ನಿಂತಿತು. ಅಲ್ಲಿ ಮೊಮ್ಮಗಳು ದೀಕ್ಷಿತಾಳ ಟ್ರಂಕು ಸಿದ್ಧವಾಗಿತ್ತು. ಇಂಜಿನಿಯರಿಂಗ್ ಓದಿದ ಹುಡುಗಿ. ಚಾಕಣದ ಕಾರು ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ ಇತ್ತು. ಅದನ್ನು ಬಿಟ್ಟು ಸೈನ್ಯದ ಅಧಿಕಾರಿಯ ಹುದ್ದೆಗೆ ಆಯ್ಕೆಯಾಗಿದ್ದಳು. ತರಬೇತಿಗೆಂದು ನಾಳಿದ್ದು ಚೆನ್ನೈಯಲ್ಲಿ ಹಾಜರಿರಬೇಕು, ಗಾಡಿ ಇವತ್ತು ಸಂಜೆಗೆ. ಅಪ್ಪ ಬಸವಪ್ರಭು, ತಾನೂ ಸೈನ್ಯದಲ್ಲಿದ್ದು ಬಂದವನು, ಎಲ್ಲ ಕಾರ್ಯ ಮುಗಿಯುವ ತನಕ ಹೊಸ್ತಿಲು ದಾಟಬೇಡ ಎಂದು ಬೆಳಿಗ್ಗೆಯೇ ಹೇಳಿದ್ದ. ಕೊನೆಗೆ ಈ ಮನೆಯಲ್ಲಿ ನಡೆಯುವುದು ಕಲ್ಲವ್ವನ ಮಾತು. ಆ ಕಲ್ಲವ್ವನಿಗೆ ಮೊಮ್ಮಗಳ ಈ ಸೈನ್ಯದ ಹುಚ್ಚು ಮೊದಲಿನಿಂದಲೂ ಸೇರಿರಲಿಲ್ಲ.

ಹೊರಗೆ ಶಾಮಿಯಾನದ ನೆರಳಿನಲ್ಲಿ ಪಕ್ಕದ ಮನೆಯವನೊಬ್ಬ ಮರಾಠಿಯಲ್ಲಿ, ಕಾಕಾ ಚೀನಾ ಯುದ್ಧದ ಸುದ್ದಿ ಕೇಳಿ ರಕ್ತ ಕುದಿದು ಸೈನ್ಯ ಸೇರಿದರಂತಲ್ಲ ಎಂದು ಕೇಳಿದ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳಿಗೆ ಶಿವಪುತ್ರಪ್ಪ ಹೇಳುತ್ತಿದ್ದದ್ದು ಅದನ್ನೇ. ಮಲಕಪ್ಪ ಅಪ್ಪಣೆ ಕೇಳುವವನಂತೆ ಒಮ್ಮೆ ತೆರೆದ ಬಾಗಿಲಿನಿಂದ ಗೆಳೆಯನ ಮುಖ ನೋಡಿದ. ಆಮೇಲೆ ಇದ್ದದ್ದನ್ನು ಹೇಳಿದ.

* * *

ಚೀನಾ ಯುದ್ಧದ ಮರುವರ್ಷ ಇಬ್ಬರೂ ಕುರಿ ಮಾರಲು ಬೆಳಗಾವಿಗೆ ಹೋಗಿದ್ದರು. ಬರುವಾಗ ದಾರಿ ಸೈನ್ಯದ ಕ್ಯಾಂಪಿನ ಪಕ್ಕದಲ್ಲೇ ಹಾದಿತ್ತು. ಅದು ಊಟದ ಹೊತ್ತು. ತಂತಿಬೇಲಿಯ ಆಚೆ ಹೊಸ ಹುಡುಗರು ಸಾಲಾಗಿ ಕೂತಿದ್ದರು; ಬಡಿಸುವವನು ಬುಟ್ಟಿ ಹಿಡಿದು ಒಬ್ಬೊಬ್ಬರನ್ನೂ "ಇನ್ನೂ ಬೇಕಾ?" ಎಂದು ಕೇಳುತ್ತಿದ್ದ. ಶಿವಪುತ್ರಪ್ಪ ಬೇಲಿ ಹಿಡಿದು ನಿಂತುಬಿಟ್ಟ. ಹುಟ್ಟಿದಾಗಿನಿಂದ ಆ ಮಾತನ್ನು ಅವನು ತನ್ನ ಮನೆಯಲ್ಲಿ ಕೇಳಿರಲಿಲ್ಲ. ಸುತ್ತು ಹಾಕಿ ಗೇಟಿಗೆ ಹೋಗಿ, ಒಳಗೆ ಬರಬೇಕಾದರೆ ಏನು ಮಾಡಬೇಕು ಎಂದು ಕೇಳಿದ. ಭರ್ತಿಯ ದಿನ ತೂಕ ಕಡಿಮೆ ಬಿತ್ತು. ಮರುಕಪಟ್ಟ ಹವಾಲ್ದಾರನೊಬ್ಬ ಬಾಳೆಹಣ್ಣು ತಿಂದು ನೀರು ಕುಡಿದು ಬಾ ಎಂದ. ಗೊನೆಯನ್ನೇ ಮುಗಿಸಿ ಬಂದ ಶಿವಪುತ್ರಪ್ಪ ತಕ್ಕಡಿಯ ಮೇಲೆ ಉಸಿರು ಬಿಗಿಹಿಡಿದು ನಿಂತು ಪಾಸಾದ. ಕೆಳಗಿಳಿದು ಬೇವಿನ ಮರದ ಹಿಂದೆ ಹೋಗಿ ಎಲ್ಲವನ್ನೂ ಕಕ್ಕಿದ.

* * *

ಶಾಮಿಯಾನದ ಕೆಳಗೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಗದೆ ನಿಂತ ಬಸವಪ್ರಭುವನ್ನು ಮಲಕಪ್ಪ, ನೀ ಯಾಕೆ ಸೇರಿದೆಯಪ್ಪ ಎಂದು ಕೇಳಿದ. ಅವನು ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದ. ಅವನನ್ನು ದೂಡಿ ಕಳಿಸಿದವಳು ಅವಳೇ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ಮಗನಿಗೆ ಪಗಾರ, ಕ್ವಾರ್ಟರ್ಸು, ಪಿಂಚಣಿ ಎಂದು ಆಸೆ ತೋರಿಸಿದ್ದಳು.

ಕಲ್ಲವ್ವ ಒಳಕೋಣೆಗೆ ಹೋಗಿ ಮೊಮ್ಮಗಳ ಪಕ್ಕ ಕುಳಿತಳು.

"ನಿಮ್ಮ ಅಜ್ಜ ಹೊಟ್ಟಿ ಸಲುವಾಗಿ ಹೋದ. ನಿಮ್ಮ ಅಪ್ಪನ್ನ ಪಿಂಚಣಿ ಸಲುವಾಗಿ ನಾನ ಕಳಿಸಿದೆ. ನಿನಗ ಉಣ್ಣಾಕ ಅದ, ನೌಕರಿ ಅದ. ನೀ ಯಾಕ ಹೊಂಟೀ?"

ದೀಕ್ಷಿತಾ ಟ್ರಂಕಿನಿಂದ ಕೈ ತೆಗೆದು ಅಜ್ಜಿಯ ಕಡೆ ತಿರುಗಿದಳು. "ದೇಶದ ಸಲುವಾಗಿ ಅಂದ್ರ ನೀ ನಂಬೂದಿಲ್ಲ, ಆಯಿ. ಆಯ್ಕೀ ಮಾಡೂಮುಂದ ನಮಗ ಒಂದು ಹಲಗಿ, ಒಂದು ಹಗ್ಗ ಕೊಟ್ಟು, ನೆಲಾ ಮುಟ್ಟದಂಗ ಈ ತಗ್ಗು ದಾಟ್ರಿ ಅಂದ್ರು. ಯಾರಿಗೂ ತಿಳೀಲಿಲ್ಲ. ನಾ ಹೇಳಿದಂಗ ಎಲ್ಲಾರೂ ಮಾಡಿದ್ರು, ದಾಟಿದ್ವಿ. ಅವತ್ತಿನಷ್ಟು ಖುಷಿ ನನಗ ಕಾರ್ಖಾನ್ಯಾಗ ಒಂದಿನಾನೂ ಆಗಿಲ್ಲ. ನನಗ ಅದು ಇಷ್ಟ. ಅಷ್ಟ."

ಇಷ್ಟ. ಕಲ್ಲವ್ವ ಆ ಮಾತನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಈ ಮನೆಯಲ್ಲಿ ಯಾರೂ ಅದನ್ನೊಂದು ಕಾರಣ ಎಂದು ಎಣಿಸಿರಲಿಲ್ಲ.

* * *

ಹೋದ ವಾರ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ ಗಂಡನಿಗೆ, ಹುಡುಗಿಯನ್ನು ಕೆಡಿಸುತ್ತಿರುವವನು ನೀನೇ ಎಂದು ಅವಳು ಬೈದಿದ್ದಳು. ಅವನು ಸಿಟ್ಟಾಗಲಿಲ್ಲ.

"ನಾ ಹಸದು ಹೋದೆ, ಕಲ್ಲವ್ವ. ಇಕಿ ಉಂಡು ಹೊಂಟಾಳ," ಎಂದು, ಏನೋ ದೊಡ್ಡದನ್ನು ಗೆದ್ದವನಂತೆ ಬಾಯಿತುಂಬ ನಕ್ಕಿದ್ದ. ಅವಳಿಗೆ ರೇಗಿ ಶೇಂಗಾದ ಮೊರವನ್ನೇ ಕಿತ್ತುಕೊಂಡು ಒಳಗೆ ಹೋಗಿದ್ದಳು.

* * *

"ಬಸೂ," ಕಲ್ಲವ್ವ ಹೊರಗೆ ಬಂದು ಮಗನನ್ನು ಕರೆದಳು. "ಅಕಿ ಸಂಜೀ ಗಾಡಿಗೆ ಹೋಗ್ತಾಳ."

"ಅವ್ವಾ, ಮಂದಿ ಏನಂದಾರು?"

"ಲಿಂಗ ಕಟ್ಟಿದ ನಮ್ಮೊಳಗ ಸೂತಕ ಅನ್ನೂದು ಇಲ್ಲ. ಮುಂದಿನ ಕಾರ್ಯಕ್ಕ ನಾ ಇದೀನಿ. ಈಗ ಅಕಿ ನಿನ್ನ ಬಾಜೂಕ ಹೆಗಲು ಕೊಡ್ಲಿ."

ಬಸವಪ್ರಭು ಮಗಳನ್ನು ಹೊರಗೆ ಕರೆದ. ಆಮೇಲೆ ತನ್ನ ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಮಗಳ ಹೆಗಲ ಮೇಲಿಟ್ಟು, ಭಾರ ಎಲ್ಲಿ ಬೀಳಬೇಕೆಂದು ಕೈಯಿಂದ ಒತ್ತಿ ತೋರಿಸಿದ.

ಚೆಂಡುಹೂವಿನಿಂದ ಕಟ್ಟಿದ ವಿಮಾನದಲ್ಲಿ ಶಿವಪುತ್ರಪ್ಪನನ್ನು ಕೂರಿಸಿ ಎತ್ತಿದರು. ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಮುಂದೆ ಹೆಗಲು ಕೊಟ್ಟವರಲ್ಲಿ ಮಗಳು ಅಪ್ಪನಿಗಿಂತ ಎತ್ತರ. ಹಿಂದೆ ಹೊತ್ತವರು ಮಲಕಪ್ಪ ಮತ್ತು ಅವನ ಕಾಲದ ಸೈನ್ಯದ ಮುದುಕರು, ಮಂಡಿನೋವಿನವರು. ಒಬ್ಬರ ಕಾಲು ಮುಂದಾದರೆ ಇನ್ನೊಬ್ಬರದು ಹಿಂದೆ. ವಿಮಾನ ಆ ಕಡೆ ಈ ಕಡೆ ತೊನೆಯತೊಡಗಿತು. ಆಗ ದೀಕ್ಷಿತಾ ತಿರುಗಿ ನೋಡದೆ ಸಣ್ಣ ದನಿಯಲ್ಲಿ ಎಣಿಸತೊಡಗಿದಳು. "ಏಕ್, ದೋ. ಏಕ್, ದೋ."

ಬಾಗಿದ ಬೆನ್ನುಗಳು ನೆಟ್ಟಗಾದವು. ಮಲಕಪ್ಪನ ಕುಂಟು ಕಾಲು ಕೂಡ ಲೆಕ್ಕಕ್ಕೆ ಬಂದಿತು. ವರ್ಕ್‌ಶಾಪುಗಳಿಂದ ಕೈಗೆ ಗ್ರೀಸು ಮೆತ್ತಿದ ಕೆಲಸಗಾರರು ಹೊರಗೆ ಬಂದು ನಿಂತರು. ಹೆಂಗಸರ ಮುಂದೆ ನಡೆಯುತ್ತಿದ್ದ ಕಲ್ಲವ್ವ ಕೆಳಗೆ ನೋಡಿಕೊಂಡಳು. ಅವಳ ಬರಿಗಾಲುಗಳೂ ಅದೇ ತಾಳಕ್ಕೆ ಬೀಳುತ್ತಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗಳು "ಏಕ್" ಎಂದೊಡನೆ ತುಟಿಯಲ್ಲೇ "ದೋ" ಎಂದಳು.