ಅಂಚಿನ ಪಟ್ಟಿ

ಸಾಯಿಕುಮಾರ ಮೇಜಿನ ಮೇಲೆ ಒಂದು ರಟ್ಟಿನ ಪಟ್ಟಿಯನ್ನಿಟ್ಟು ನಲಿನಿಯ ಕಡೆಗೆ ಸರಿಸಿದರು. ಬಿಳಿ ರಟ್ಟಿನ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಹೆಸರಿತ್ತು, ಕೆಳಗೆ ಅವಳ ಮನೆಯ ಫೋನ್ ನಂಬರು. ಆ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ತಿಂಗಳಿಡೀ ಹಂಬಲಿಸಿದವಳಿಗೆ ಈಗ ಅದರ ಕಡೆ ನೋಡುವುದೇ ಕಷ್ಟವಾಯಿತು.

"ಇದು ಔಷಧ ಕಂಪನಿಯ ಡಬ್ಬಿಗಳ ಕಟ್ಟಿನಲ್ಲಿ ಸಿಕ್ಕಿದೆ," ಎಂದರು ತೆಲುಗಿನಲ್ಲಿ. ಜೀಡಿಮೆಟ್ಲಾದ ಆ ದೊಡ್ಡ ಡಬ್ಬಿ ಕಾರ್ಖಾನೆಗೆ ಅವರು ಮ್ಯಾನೇಜರು. "ಮಾತ್ರೆ ಡಬ್ಬಿಗಳ ನಡುವೆ ಬೇರೆ ಅಚ್ಚಿನ ಚೂರು ಕಂಡರೂ ಅವರು ಸುಮ್ಮನಿರುವುದಿಲ್ಲ. ಇಡೀ ಲಾರಿ ವಾಪಸು ಬಂದಿದೆ. ನಿಮ್ಮ ಹೆಸರು ನಮ್ಮ ಹಾಳೆಯ ಮೇಲೆ ಹೇಗೆ ಬಂತು, ಹೇಳಿ."

ಬಾಗಿಲ ಪಕ್ಕದಲ್ಲಿ ಕಟಿಂಗ್ ಮಶೀನಿನ ಚಂದ್ರಾಮ ಕೈಕಟ್ಟಿ ನಿಂತಿದ್ದ. ಹೇಗೆ ಬಂತೆಂಬುದು ಆ ಕೋಣೆಯಲ್ಲಿ ಅವರಿಬ್ಬರಿಗೇ ಗೊತ್ತಿತ್ತು.

ತಿಂಗಳ ಹಿಂದೆ ಇದೇ ಕೋಣೆಯಿಂದ ನಲಿನಿ ಪೆಚ್ಚುಮೋರೆ ಹಾಕಿಕೊಂಡು ಹೊರಬಿದ್ದಿದ್ದಳು. ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅಲ್ಲಿಯ ಸಾಫ್ಟ್‌ವೇರ್ ಕಂಪನಿಯೊಂದು ದೀಪಾವಳಿಗೆ ತನ್ನ ನೌಕರರಿಗೆ ಹಂಚಲು ಅವಳ ಶೇಂಗಾ ಹೋಳಿಗೆ ಕೇಳಿತ್ತು, ಇನ್ನೂರು ಡಬ್ಬಿ. ಹೋಳಿಗೆ ಹೇಗಾದರೂ ಇರಲಿ, ಡಬ್ಬಿ ಮಾತ್ರ ಹೆಸರು ಅಚ್ಚಾದದ್ದೇ ಇರಬೇಕು, ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಗೇಟಿನಿಂದಲೇ ವಾಪಸು ಎಂದು ಅಲ್ಲಿಯ ಪ್ರಾಜಕ್ತಾ ನಗುನಗುತ್ತ ಹೇಳಿದ್ದಳು. ಸಣ್ಣ ಪ್ರೆಸ್ಸಿನವರು ಲಗ್ನಪತ್ರಿಕೆಯಾದರೆ ಕೊಡಿ, ಡಬ್ಬಿ ನಮ್ಮಿಂದಾಗದು ಎಂದರು. ಸಾಯಿಕುಮಾರ ಐದು ಸಾವಿರಕ್ಕೆ ಕಡಿಮೆ ಮಶೀನು ತಿರುಗಿಸುವುದಿಲ್ಲ ಎಂದರು. ಐದು ಸಾವಿರ ಡಬ್ಬಿ ತುಂಬಲು ಅವಳ ಉಳಿದ ಆಯುಷ್ಯವೇ ಬೇಕಿತ್ತು.

ಗೇಟಿನ ಎದುರಿನ ಬೂತಿನಿಂದ ಅವಳು ಗಂಡ ವಿಠಲನ ಆಫೀಸಿಗೆ ಫೋನು ಮಾಡಿ, "ಇಲ್ರೀ, ಇವರೂ ಆಗೂದಿಲ್ಲ ಅಂದ್ರು," ಎನ್ನುವುದು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಚಂದ್ರಾಮನ ಕಿವಿಗೆ ಬಿತ್ತು.

"ಯಾವ ಕಡಿಯವ್ರೀ ಅಕ್ಕಾರ?"

ಅವನು ಸುರಪುರದ ಕಡೆಯವನು. ಅವಳ ಗಂಡನ ಮನೆಯವರು ಕಲಬುರಗಿಯಿಂದ ಬಂದು ಮೂರು ತಲೆಮಾರಾಗಿತ್ತು. ಮನೆಯ ಹೊಸಿಲು ದಾಟಿದರೆ ತೆಲುಗೇ ಆಡುವ ಹೆಂಗಸಿಗೆ ಆ ಧೂಳಿನ ರಸ್ತೆಯಲ್ಲಿ ತನ್ನ ಭಾಷೆ ಕೇಳಿ ತವರಿನವರೇ ಸಿಕ್ಕಷ್ಟು ಸಮಾಧಾನವಾಯಿತು. ಎಲ್ಲವನ್ನೂ ಹೇಳಿಕೊಂಡಳು. ಅವನು ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಬೆರಳಿನಿಂದ ಚೌಕ ಬರೆದ.

"ಹಾಳಿ ಅಂಚಿನ್ಯಾಗ ಒಂದೂವರಿ ಗೇಣು ರಟ್ಟು ಖಾಲಿ ಉಳಿತೈತ್ರಿ, ಹೆಂಗೂ ಕಚರಾಕ್ಕ ಹೋಗೂದು. ನಿಮ್ಮ ಡಬ್ಬಿ ಸಣ್ಣದು, ಅದರಾಗ ಕುಂದರತೈತಿ. ಅಚ್ಚಿನ ಪ್ಲೇಟ್ ಮಾಡೋ ಲಿಂಗಣ್ಣ ನಮ್ಮವನ ಅದಾನ. ಆದ್ರ ಈಗ ನಡದಿದ್ದು ಔಷಧದ ಹಾಳಿ, ಭಾಳ ಚೆಕ್ಕಿಂಗ್ ಐತಿ. ಹಬ್ಬ ಆದ ಮ್ಯಾಲ ಬಿಸ್ಕೀಟಿನ ಹಾಳಿ ಬರ್ತಾವ. ಆವಾಗ ಸಾಹೇಬರಿಗೆ ಕೇಳೇ ಮಾಡ್ಕೊಡ್ತೀನಿ."

"ಹಬ್ಬ ಆದ ಮ್ಯಾಲ ಡಬ್ಬಿ ತೊಗೊಂಡು ಏನ್ ಮಾಡ್ಲೆಪಾ?" ಎಂದಿದ್ದಳು ನಲಿನಿ. "ನಮ್ಮ ಕಡಿಯಾಂವ ಅಂತ ಕೇಳ್ಲಿಕ್ಕತ್ತೀನಿ. ಇದೊಂದು ಮಾಡಿಕೊಡು."

ಅವನು ಅಂದು ಒಪ್ಪಲಿಲ್ಲ. ಅವಳು ಬಿಡಲೂ ಇಲ್ಲ. ಮೂರು ಸಲ ಅದೇ ಗೇಟಿಗೆ ಹೋದಳು. ಮೂರನೆಯ ಸಲ ಹೋಳಿಗೆ ಕಟ್ಟಿಕೊಂಡು ಹೋಗಿದ್ದಳು. ಚಂದ್ರಾಮ ಅರ್ಧ ತಿಂದು, ಉಳಿದದ್ದನ್ನು ಹೆಂಡತಿಗೆಂದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, "ಆತ್ರಿ ಅಕ್ಕಾರ, ಮಾಡೂಣು," ಎಂದ. ಮತ್ತೇನು ಕೊಡಹೋದರೂ ಕಚರಾಕ್ಕೆ ಎಲ್ಲಿಯ ಕಿಮ್ಮತ್ತು ಎಂದು ಮುಟ್ಟಲಿಲ್ಲ. ಐದು ಸಾವಿರ ಹಾಳೆಯ ಅಂಚಿಗೂ ಅವಳ ಹೆಸರು ಬಿತ್ತು. ಇನ್ನೂರರ ಮೇಲೆ ಒಂದೆರಡು ಪಟ್ಟಿ ಡಬ್ಬಿಯಾದವು, ಉಳಿದವು ಕಚರಾ ಸೇರಿದವು. ಅದರಲ್ಲೊಂದು ದಾರಿ ತಪ್ಪಿ ಮಾತ್ರೆ ಡಬ್ಬಿಗಳ ಜೊತೆ ಹೊರಟುಹೋಗಿತ್ತು.

"ನೋಡಿ ಅಮ್ಮಾ," ಎಂದರು ಸಾಯಿಕುಮಾರ. "ಕಂಪನಿಯ ಅನುಮತಿ ಇದೆ ಎಂದು ಇವನು ನಿಮ್ಮನ್ನು ನಂಬಿಸಿದ್ದರೆ ನಿಮ್ಮ ತಪ್ಪಿಲ್ಲ. ಡಬ್ಬಿ ಒಯ್ಯಿರಿ. ಇಬ್ಬರೂ ಸೇರಿ ಮಾಡಿದ್ದರೆ ನಾನು ಪೊಲೀಸರಿಗೆ ಹೇಳಲೇಬೇಕು. ಈ ಮನುಷ್ಯ ನಿಮಗೆ ಪರಿಚಯವೇ?"

ಮೂಲೆಯಲ್ಲಿ ಅವಳ ಇನ್ನೂರು ಡಬ್ಬಿಗಳ ಕಟ್ಟುಗಳಿದ್ದವು. ಹಬ್ಬಕ್ಕೆ ನಾಲ್ಕೇ ದಿನ. ಪೊಲೀಸರೆಂದ ಕೂಡಲೇ ವಿಠಲನ ಸರ್ಕಾರಿ ನೌಕರಿ ಅವಳ ಕಣ್ಣಮುಂದೆ ಬಂತು.

"ನಾಕು ತೆಲೀದು ಸಾರ್," ನನಗೆ ಗೊತ್ತಿಲ್ಲ, ಎಂದಳು. ಅಚ್ಚ ತೆಲುಗಿನಲ್ಲಿ, ಇನ್ಯಾವ ಭಾಷೆಯೂ ಬಾರದವಳ ಹಾಗೆ. ಗೇಟಿನ ಹತ್ತಿರ ತಾನೇ ಬಂದು ಮಾತಾಡಿಸಿದ, ಕಂಪನಿಯೇ ಮಾಡಿಕೊಡುತ್ತದೆ ಎಂದ, ನಂಬಿದೆ ಎಂದೂ ಸೇರಿಸಿದಳು. ಸುಳ್ಳು ಒಂದಕ್ಕೊಂದು ಹೊಂದಿಕೊಂಡು ಸಲೀಸಾಗಿ ಬಂತು.

ಚಂದ್ರಾಮ ಅವಳನ್ನು ನೋಡಲಿಲ್ಲ. ಮೇಜಿನ ಮೇಲಿನ ಪಟ್ಟಿಯನ್ನು ನೋಡುತ್ತ, ತನಗೆ ಬರುವ ಹರಕುಮುರುಕು ತೆಲುಗಿನಲ್ಲಿ, "ಅವರದೇನೂ ತಪ್ಪಿಲ್ಲ ಸಾರ್. ನಾನೇ ಸುಳ್ಳು ಹೇಳಿದ್ದೆ," ಎಂದ. ಲಿಂಗಣ್ಣನ ಹೆಸರನ್ನೂ ಎತ್ತಲಿಲ್ಲ. ಅವನು ತನ್ನನ್ನು ಬೈದಿದ್ದರೆ, ಸುಳ್ಳುಗಾತಿ ಎಂದು ಬೆರಳು ತೋರಿಸಿದ್ದರೆ ನಲಿನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಳೆಯಿಂದ ಬರಬೇಡ ಎಂದರು ಸಾಯಿಕುಮಾರ. ಅವನು ತಲೆಯಾಡಿಸಿದ. ಡಬ್ಬಿಯ ಕಟ್ಟುಗಳನ್ನು ಹೊರಗೆ ಹೊತ್ತು ಆಟೋದಲ್ಲಿಟ್ಟವನೂ ಅವನೇ. ಪಕ್ಕದಲ್ಲಿ ವಾಚ್‌ಮನ್ ನಿಂತಿದ್ದರಿಂದ ಅವಳು ಬಾಯಿ ತೆರೆಯಲಿಲ್ಲ. ನಿಂತಿರದಿದ್ದರೂ ತೆರೆಯುತ್ತಿದ್ದಳೋ ಇಲ್ಲವೋ.

"ಮಳಿ ಬರೂ ಹಂಗೈತಿ," ಎಂದ ಚಂದ್ರಾಮ ಮೆಲ್ಲಗೆ. "ಡಬ್ಬಿ ತೊಯ್ಯದಂಗ ನೋಡ್ಕೋರಿ."

ಮಾದಾಪುರದಲ್ಲಿ ಡಬ್ಬಿಗಳನ್ನು ಕಂಡು ಪ್ರಾಜಕ್ತಾ ಹಿಗ್ಗಿದಳು. ಮನೆಯಲ್ಲಿ ವಿಠಲ ಒಂದು ಖಾಲಿ ಡಬ್ಬಿಯನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ಹೆಂಡತಿಯ ಹೆಸರು ತೋರಿಸತೊಡಗಿದ. ನಲಿನಿ ಅತ್ತ ಹೋದಾಗಲೆಲ್ಲ ಅದರ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು. ಅವನು ಮತ್ತೆ ಇತ್ತ ತಿರುಗಿಸಿಡುತ್ತಿದ್ದ. ನಡೆದದ್ದನ್ನು ಅವನಿಗೆ ಹೇಳಿರಲಿಲ್ಲ. ಹಿಟ್ಟು ನಾದುವಾಗ, ತಲೆ ಬಾಚಿಕೊಳ್ಳುವಾಗ, ತಾನಾಡಿದ ಆ ಎರಡು ತೆಲುಗು ಮಾತು ನೆನಪಾಗಿ ಒಬ್ಬಳೇ ಇದ್ದರೂ ಮುಖ ಬಿಸಿಯಾಗುತ್ತಿತ್ತು.

ಚಳಿ ಬಿದ್ದ ಮೇಲೆ ಒಂದು ದಿನ ತಡೆಯಲಾರದೆ ಕಾರ್ಖಾನೆಯ ಗೇಟಿಗೆ ಹೋದಳು. ಚಂದ್ರಾಮ ಶಂಶಾಬಾದಿನಲ್ಲಿ ಏರ್‌ಪೋರ್ಟ್ ಕಟ್ಟುವ ಕಡೆ ಕೂಲಿಗೆ ಹೋಗುತ್ತಾನೆ, ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಾನೆ ಎಂದ ವಾಚ್‌ಮನ್. ಮರುದಿನ ಹೋಳಿಗೆ ಮಾಡಿ, ಹೆಸರಿನ ಡಬ್ಬಿ ಕೈಗೆ ಬಂದರೂ ಬಿಟ್ಟು, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಎರಡು ಬಸ್ಸು ಬದಲಿಸಿದಳು. ನಂದು ತಪ್ಪಾತಪಾ, ನಾ ಹೆದರಿಬಿಟ್ಟೆ, ಬೇಕಿದ್ದರೆ ಈಗಲೇ ನಿಮ್ಮ ಸಾಹೇಬರ ಮುಂದೆ ಬಂದು ನಿಜ ಹೇಳ್ತೀನಿ. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿದಳು.

ಶೆಡ್ಡಿನಲ್ಲಿ ಚಂದ್ರಾಮ ಇರಲಿಲ್ಲ. ಬಗಲಲ್ಲಿ ಕೂಸೆತ್ತಿಕೊಂಡ ಹೆಣ್ಣುಮಗಳೊಬ್ಬಳು, "ನಾ ಅವರ ಮನಿಯಾಕಿ ಗದಿಗೆಮ್ಮ. ಅವ್ರು ಕೆಲಸಕ್ಕ ಹೋಗ್ಯಾರ್ರೀ, ಬರ್ರಿ ಅಕ್ಕಾರ, ಕುಂದರ್ರಿ," ಎಂದು ಚಾಪೆ ಹಾಸಿದಳು. ನಲಿನಿ ಬಗ್ಗಿ ಒಳಗೆ ಬಂದಳು. ಒಳಗಿನ ಮಬ್ಬಿಗೆ ಕಣ್ಣು ಹೊಂದುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ತಗಡಿನ ಸಂದು ಮುಚ್ಚಲು ನೆಲದಿಂದ ಮಾಡಿನವರೆಗೆ ಸುತ್ತಲೂ ಬಿಳಿ ಪಟ್ಟಿ ಅಂಟಿಸಿದ್ದರು. ಪ್ರತಿ ಪಟ್ಟಿಯಲ್ಲೂ ಕೆಂಪಗೆ ಅವಳ ಹೆಸರು, ಅವಳ ನಂಬರು.

"ಥಂಡಿ ಗಾಳಿ ಭಾಳ ಬರಾಕತ್ತಿತ್ರಿ, ಕೂಸಿಗೆ ಕೆಮ್ಮು," ಎಂದಳು ಗದಿಗೆಮ್ಮ ಅವಳು ನೋಡುತ್ತಿರುವುದನ್ನು ಕಂಡು. "ಫ್ಯಾಕ್ಟರಿ ಬಿಟ್ಟು ಬರೋ ಮುಂದ ಕಚರಾದಾಗಿಂದು ಹೊತ್ಕೊಂಡು ಬಂದಿದ್ರು. ನನಗ ಓದಾಕ ಬರೂದಿಲ್ರಿ. ಏನ್ ಬರದೈತಿ ಅಂತ ಕೇಳಿದ್ರ, ನಮ್ಮ ಕಡಿ ಅಕ್ಕಾರೊಬ್ರ ಹೆಸರು ಅಂದ್ರು."

ನಲಿನಿ ಹೋಳಿಗೆಯ ಡಬ್ಬಿಯನ್ನು ಚಾಪೆಯ ಮೇಲಿಟ್ಟಳು.

"ಸಂಜೀಗೆ ಬಂದ್ರ ಯಾರ್ ಬಂದಿದ್ರು ಅಂತ ಹೇಳ್ಲಿ ಅಕ್ಕಾರ? ಡಬ್ಬಿ ಹೊಳ್ಳಿ ಕೊಡಬೇಕಲ್ಲ. ನಿಮ್ಮ ಹೆಸರು?"

ಹೇಳಬೇಕಾದದ್ದು ನಾಲ್ಕೂ ಗೋಡೆಯ ಮೇಲಿತ್ತು. ನಲಿನಿ ಬಾಗಿಲ ಕಡೆ ತಿರುಗಿದಳು.

"ಡಬ್ಬಿ ಇರ್ಲಿ," ಎಂದಳು. "ನಾ ಮತ್ತ ಬರ್ತೀನಿ, ಅವರು ಇದ್ದಾಗ."

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ತಿರುಗಿ ನೋಡಿದಳು. ಕೂಸು ಕೈಚಾಚಿ ಗೋಡೆಯ ಪಟ್ಟಿಯೊಂದರ ತುದಿ ಹಿಡಿದು ಎಳೆಯುತ್ತಿತ್ತು.

"ಹರೀಬ್ಯಾಡೋ, ಗಾಳಿ ಬರ್ತೈತಿ," ಎಂದು ಗದಿಗೆಮ್ಮ ಅದರ ಕೈ ಬಿಡಿಸಿದಳು. ಎದ್ದು ನಿಂತ ತುದಿಯನ್ನು ಗೋಡೆಗೊತ್ತಿ, ಅಂಟುವವರೆಗೆ ಕೆಂಪು ಅಕ್ಷರಗಳ ಮೇಲೆ ಅಂಗೈ ಇಟ್ಟುಕೊಂಡು ನಿಂತಳು.